ಹೊಟ್ಟೆಯೊಳಗಿನ ಹಳೆಯ ಒಕ್ಕಲು

ನಮ್ಮ ಊರುಗಳಲ್ಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಮಾತೊಂದಿದೆ: "ನನಗೆ ಗ್ಯಾಸ್ಟ್ರಿಕ್." ಎದೆ ಉರಿದರೂ ಗ್ಯಾಸ್ಟ್ರಿಕ್, ಹುಳಿತೇಗು ಬಂದರೂ ಗ್ಯಾಸ್ಟ್ರಿಕ್, ಬೆನ್ನು ನೋವಿಗೂ ತಲೆನೋವಿಗೂ ಅದೇ ಹೆಸರು. ರಮಝಾನ್ ತಿಂಗಳಲ್ಲಿ ಇಫ್ತಾರ್ ಮುಗಿಸಿ ಮೆಡಿಕಲ್ ಅಂಗಡಿಯ ಮುಂದೆ ನಿಂತರೆ, ಹೆಸರೇ ಹೇಳದೆ "ಆ ಗ್ಯಾಸ್ಟ್ರಿಕ್ ಮಾತ್ರೆ ಕೊಡಿ" ಎನ್ನುವವರ ಸಾಲೇ ಕಾಣುತ್ತದೆ. ಆದರೆ ಈ ಹೊಟ್ಟೆಯ ಕಾಯಿಲೆಯ ಹಿಂದೆ ಒಂದು ಚರಿತ್ರೆ ಇದೆ, ಆ ಚರಿತ್ರೆ ಮನುಷ್ಯಕುಲದ ವಲಸೆಯ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ ಎಂದರೆ ಎಷ್ಟು ಮಂದಿ ನಂಬಿಯಾರು? ವರ್ಷಗಟ್ಟಲೆ ವಿಜ್ಞಾನ ಪಾಠ ಹೇಳಿದ ನಾನೇ ತಡವಾಗಿ ತಿಳಿದುಕೊಂಡೆ. ಅದಕ್ಕೂ ಒಂದು ಕಾರಣ ಒದಗಿಬಂತು.

ನನ್ನ ತಂಗಿಯ ಮಗಳು ಒಂದು ಸಂಜೆ ತನ್ನ ಒಂಬತ್ತು ವರ್ಷದ ಹುಡುಗನನ್ನು ಕರೆದುಕೊಂಡು ಮನೆಗೆ ಬಂದಳು. ಕೈಯಲ್ಲಿ ರಕ್ತ ಪರೀಕ್ಷೆಯ ಕಾಗದ. "ಮಾಮ, ಇದರಲ್ಲಿ ಹೆಚ್. ಪೈಲೊರಿ ಪಾಸಿಟಿವ್ ಅಂತ ಬರೆದಿದ್ದಾರೆ. ಇದು ಇದ್ದರೆ ಮುಂದೆ ಕ್ಯಾನ್ಸರ್ ಆಗುತ್ತದಂತೆ, ಹೌದಾ?" ಎಂದು ಕೇಳುವಾಗ ಅವಳ ಸ್ವರ ನಡುಗುತ್ತಿತ್ತು. ಹುಡುಗನಿಗೆ ಎರಡು ತಿಂಗಳಿನಿಂದ ಆಗಾಗ ಹೊಟ್ಟೆನೋವು. ಎಲ್ಲೋ ತೋರಿಸಿದ್ದಾರೆ, ಮೂರು ಬಗೆಯ ಮಾತ್ರೆ ಕೊಟ್ಟಿದ್ದಾರೆ, ನಾಲ್ಕು ದಿನ ನುಂಗಿ ವಾಂತಿ ಮಾಡಿಕೊಂಡ ಹುಡುಗ ಐದನೆಯ ದಿನ ಬಾಯಿ ತೆರೆಯಲಿಲ್ಲ. ಆ ತಾಯಿಗೆ ಹೌದು ಎನ್ನಲೂ ಇಲ್ಲ ಎನ್ನಲೂ ನನ್ನಿಂದಾಗಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಬಹಳ ಕಾಲ ವೈದ್ಯರೂ ನಂಬಿದ್ದು ನಮ್ಮ ಅಜ್ಜಿಯಂದಿರು ನಂಬಿದ್ದನ್ನೇ. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ, ಖಾರ ಹೆಚ್ಚು ತಿಂದರೆ, ಚಿಂತೆ ಹಚ್ಚಿಕೊಂಡರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗಿ ಹುಣ್ಣಾಗುತ್ತದೆ. ಜಠರದ ಆಮ್ಲದಲ್ಲಿ ಯಾವ ಜೀವಿಯೂ ಬದುಕಲಾರದು ಎಂಬುದು ಪಠ್ಯಪುಸ್ತಕದ ಮಾತು. ಹಾಗೆಂದು ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಯಾರೂ ಕಂಡಿರಲಿಲ್ಲ ಎಂದಲ್ಲ. 1893ರಲ್ಲೇ ಇಟಲಿಯ ಜೂಲಿಯೊ ಬಿಜ್ಜೊಜೆರೊ ನಾಯಿಯ ಜಠರದಲ್ಲಿ ಅಂಥವನ್ನು ನೋಡಿ ಬರೆದಿಟ್ಟ. ಅದೇ ಶತಮಾನದ ಕೊನೆಗೆ ಪೋಲೆಂಡಿನ ಕ್ರಾಕೋವ್‌ನಲ್ಲಿ ವಾಲೆರಿ ಯಾವೊರ್ಸ್ಕಿ ಮನುಷ್ಯರ ಜಠರರಸದಲ್ಲಿ ಕಂಡ. ಆದರೆ 1954ರಲ್ಲಿ ಅಮೆರಿಕದ ಪಾಮರ್ ಎಂಬ ತಜ್ಞ ಸಾವಿರಕ್ಕೂ ಹೆಚ್ಚು ಬಯಾಪ್ಸಿಗಳನ್ನು ಪರಿಶೀಲಿಸಿ, ಜಠರದ ಗೋಡೆಯಲ್ಲಿ ಇಂಥ ಜೀವಿ ಇಲ್ಲವೆಂದು ತೀರ್ಪು ಕೊಟ್ಟ. ಆ ಮಾತು ಸುಮಾರು ಮೂವತ್ತು ವರ್ಷ ಬಾಗಿಲಿಗೆ ಅಗುಳಿಯಂತೆ ಕುಳಿತಿತು. ಗ್ರೀಸ್ ದೇಶದ ಸಣ್ಣ ಊರಿನ ವೈದ್ಯ ಜಾನ್ ಲಿಕೂಡಿಸ್ 1958ರಿಂದ ಹುಣ್ಣಿನ ರೋಗಿಗಳಿಗೆ ಆ್ಯಂಟಿಬಯಾಟಿಕ್ ಕೊಟ್ಟು ಗುಣಪಡಿಸುತ್ತಿದ್ದ. ಅವನ ಲೇಖನವನ್ನು ಪತ್ರಿಕೆಗಳು ಅಚ್ಚು ಹಾಕಲಿಲ್ಲ, ವೈದ್ಯರ ಸಂಘ ಅವನಿಗೆ ದಂಡ ಹಾಕಿತು!

ಈ ಕತೆಯಲ್ಲಿ ನಮ್ಮ ಮೈಸೂರಿಗೂ ಒಂದು ಪುಟವಿದೆ. ಮೈಸೂರಿನ ಹಿರಿಯರು 'ಮಿಷನ್ ಆಸ್ಪತ್ರೆ' ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಫ್ರಾಂಕ್ ಟೋವಿ ಎಂಬ ಇಂಗ್ಲಿಷ್ ಸರ್ಜನ್ ಕೆಲಸ ಮಾಡುತ್ತಿದ್ದರು. ಸಣ್ಣ ಕರುಳಿನ ಆರಂಭದಲ್ಲಾಗುವ ಹುಣ್ಣಿನ ರೋಗಿಗಳು ಇಲ್ಲಿ ಇಷ್ಟೊಂದು ಏಕೆ ಎಂಬ ಪ್ರಶ್ನೆ ಅವರನ್ನು ಕಾಡಿತು. ರೈಲ್ವೆ ನೌಕರರನ್ನು ಅಧ್ಯಯನ ಮಾಡಿದ ಡಾ. ಎಸ್. ಎಲ್. ಮಲ್ಹೋತ್ರಾ ಅವರಿಗೂ 1960ರ ದಶಕದಲ್ಲಿ ಕಂಡದ್ದು ಅದೇ: ಉತ್ತರದ ಗೋಧಿ ಉಣ್ಣುವವರಿಗಿಂತ ದಕ್ಷಿಣದ ಅನ್ನ ಉಣ್ಣುವವರಲ್ಲಿ ಹುಣ್ಣು ಬಹಳ ಹೆಚ್ಚು. ಟೋವಿ ಊರಿಗೆ ಮರಳಿದ ಮೇಲೂ ಈ ಪ್ರಶ್ನೆಯನ್ನು ಬಿಡಲಿಲ್ಲ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇಲ್ಲದ, ತೌಡಿನಲ್ಲೂ ಕೆಲವು ಕಾಳುಗಳಲ್ಲೂ ಇರುವ ಕೊಬ್ಬಿನ ಅಂಶಗಳು ಕರುಳನ್ನು ಕಾಯುತ್ತವೆ ಎಂಬುದು ಅವರ ವಾದ. ಬ್ಯಾಕ್ಟೀರಿಯಾ ಪತ್ತೆಯಾಗಿ ಜಗತ್ತೆಲ್ಲ ಅದರ ಹಿಂದೆ ಓಡಿದಾಗಲೂ ಅವರು ಮತ್ತೆ ಮತ್ತೆ ಕೇಳಿದ್ದು ಒಂದೇ: ಉತ್ತರದವರ ಹೊಟ್ಟೆಯಲ್ಲೂ ಅದೇ ರೋಗಾಣು ಇರುವಾಗ ಹುಣ್ಣು ದಕ್ಷಿಣದವರಿಗೇ ಏಕೆ ಹೆಚ್ಚು? ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಆಸ್ಟ್ರೇಲಿಯಾದ ಪರ್ತ್ ನಗರಕ್ಕೆ ಹೋಗೋಣ. ಅಲ್ಲಿನ ರಾಯಲ್ ಪರ್ತ್ ಆಸ್ಪತ್ರೆಯಲ್ಲಿ ರಾಬಿನ್ ವಾರನ್ ಎಂಬ ಪೆಥಾಲಜಿಸ್ಟ್ 1979ರ ಜೂನ್ ತಿಂಗಳಲ್ಲಿ ಒಂದು ಬಯಾಪ್ಸಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ಉರಿಯೂತವಿದ್ದ ಜಠರದ ಮೇಲ್ಪದರದಲ್ಲಿ ಸಾಲುಗಟ್ಟಿ ನಿಂತ ಸಣ್ಣ ಬಾಗಿದ ಬ್ಯಾಕ್ಟೀರಿಯಾಗಳನ್ನು ಕಂಡರು. ತೋರಿಸಿದರೆ ಬಹಳ ಮಂದಿ ನಂಬಲಿಲ್ಲ. ಎರಡು ವರ್ಷಗಳ ಬಳಿಕ ಬ್ಯಾರಿ ಮಾರ್ಷಲ್ ಎಂಬ ಯುವ ವೈದ್ಯ ಅವರ ಜೊತೆ ಸೇರಿಕೊಂಡರು. ನೂರು ರೋಗಿಗಳ ಬಯಾಪ್ಸಿ ತೆಗೆದು ಆ ಜೀವಿಯನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಯತ್ನ ನಡೆಯಿತು. ಒಂದರ ಹಿಂದೆ ಒಂದು ಮೂವತ್ತಕ್ಕೂ ಹೆಚ್ಚು ಮಾದರಿಗಳಲ್ಲಿ ಏನೂ ಬೆಳೆಯಲಿಲ್ಲ. ಎರಡು ದಿನ ನೋಡಿ ತಟ್ಟೆಗಳನ್ನು ಎಸೆಯುವುದು ಅಲ್ಲಿನ ರೂಢಿ. 1982ರ ಈಸ್ಟರ್ ರಜೆ ಬಂತು, ಕೆಲಸದ ಒತ್ತಡದಲ್ಲಿ ಒಂದು ತಟ್ಟೆಯನ್ನು ಎಸೆಯುವುದೇ ಮರೆತುಹೋಯಿತು. ರಜೆ ಮುಗಿಸಿ ಬಂದು ನೋಡಿದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ! ಅದು ನಿಧಾನವಾಗಿ ಬೆಳೆಯುವ ಜೀವಿ, ಎರಡು ದಿನ ಅದಕ್ಕೆ ಸಾಲುತ್ತಿರಲಿಲ್ಲ ಅಷ್ಟೇ. ಆ ನೂರು ಮಂದಿಯಲ್ಲಿ ಸಣ್ಣ ಕರುಳಿನ ಹುಣ್ಣಿದ್ದ ಹದಿಮೂರು ರೋಗಿಗಳಲ್ಲೂ ಅದು ಸಿಕ್ಕಿತು.

ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದರೆ ಫಲಿಸಲಿಲ್ಲ. ಕೊನೆಗೆ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾದ ದ್ರಾವಣವನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ, ಬಾಯಿಯಲ್ಲಿ ದುರ್ವಾಸನೆ. ಹತ್ತನೆಯ ದಿನದ ಎಂಡೋಸ್ಕೋಪಿಯಲ್ಲಿ ಜಠರವೆಲ್ಲ ಉರಿಯೂತದಿಂದ ಕೆಂಪಾಗಿತ್ತು. ಹುಣ್ಣು ಆಗಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಈ ಕತೆ ಹೇಳುವವರು ಬಹಳ ಸಲ ಅದನ್ನು ಮರೆತು, ಅವರಿಗೆ ಹುಣ್ಣೇ ಆಯಿತು ಎಂದುಬಿಡುತ್ತಾರೆ. 1989ರಲ್ಲಿ ಆ ಜೀವಿಗೆ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಹೆಸರು ನಿಂತಿತು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲ ಕಾರಣಗಳ ಮೊದಲ ಪಟ್ಟಿಗೆ ಸೇರಿಸಿತು. 2005ರಲ್ಲಿ ವಾರನ್ ಮತ್ತು ಮಾರ್ಷಲ್ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ಶಾಲೆಯ ಪಾಠಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ನನ್ನ ತಂಗಿಯ ಮಗಳ ಪ್ರಶ್ನೆ ಶುರುವಾಗುವುದು ಇಲ್ಲಿಂದ. ಏಕೆಂದರೆ 2015ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 440 ಕೋಟಿ ಜನರ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇತ್ತು. ಅವರಲ್ಲಿ ಜೀವಮಾನದಲ್ಲಿ ಹುಣ್ಣು ಆಗುವವರು ನೂರಕ್ಕೆ ಹತ್ತರಿಂದ ಇಪ್ಪತ್ತು, ಜಠರದ ಕ್ಯಾನ್ಸರ್ ಆಗುವವರು ಒಂದರಿಂದ ಮೂರು. ಉಳಿದವರು ಅದು ಒಳಗಿದೆ ಎಂಬ ಅರಿವೇ ಇಲ್ಲದೆ ಬಾಳಿ ಹೋಗುತ್ತಾರೆ. ಹಾಗಾದರೆ ಯಾರಿಗೆ ಅಪಾಯ, ಯಾರಿಗೆ ಇಲ್ಲ?

ಮೊದಲು, ಅದು ಯಾವಾಗ ಬರುತ್ತದೆ ಎಂದು ನೋಡೋಣ. ದೊಡ್ಡವರಾದ ಮೇಲೆ ಹೋಟೆಲಿನಲ್ಲಿ ತಿಂದು ಅಂಟಿಸಿಕೊಂಡದ್ದು ಎಂದು ನಾವು ಭಾವಿಸುತ್ತೇವೆ. ಹಾಗಲ್ಲ, ಬಹುಪಾಲು ಸಂದರ್ಭಗಳಲ್ಲಿ ಅದು ಬರುವುದು ಎಳೆಯ ವಯಸ್ಸಿನಲ್ಲೇ. 1991ರಲ್ಲಿ ಹೈದರಾಬಾದಿನ ಜನರ ರಕ್ತವನ್ನು ಪರೀಕ್ಷಿಸಿದ ಅಧ್ಯಯನ ಪ್ರಕಟವಾಯಿತು. ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಅಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಸೋಂಕಿನ ಗುರುತು ಇತ್ತು. ಐರ್ಲೆಂಡಿನಲ್ಲಿ ಪುಟ್ಟ ಮಕ್ಕಳನ್ನು ಹಲವು ವರ್ಷ ಬೆನ್ನುಹತ್ತಿ ನೋಡಿದ ವೈದ್ಯರು 2006ರಲ್ಲಿ ಬರೆದ ಪ್ರಕಾರ, ಹೊಸ ಸೋಂಕು ಹೆಚ್ಚಾಗಿ ತಗಲುವುದು ಮೂರು ವರ್ಷದೊಳಗೆ, ಐದು ದಾಟಿದ ಮೇಲೆ ಅಪರೂಪ. ತಾಯಿಗೆ ಸೋಂಕು ಇದ್ದರೆ, ಅಣ್ಣ ಅಕ್ಕಂದಿರಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಎರಡು ವರ್ಷ ಕಳೆದರೂ ಹಾಲಿನ ಬಾಟಲಿ ಬಿಡದ ಮಕ್ಕಳಲ್ಲೂ ಹೆಚ್ಚು. ಬಾಯಿಂದ ಬಾಯಿಗೆ, ವಾಂತಿಯಿಂದ, ಮಲ ಸೇರಿದ ನೀರಿನಿಂದ ಹೀಗೆ ದಾರಿಗಳು ಹಲವು. ಮಗುವಿಗೆ ತುತ್ತನ್ನು ಅಗಿದು ಉಣಿಸುವ ಪದ್ಧತಿಯೂ ಕೆಲವು ದೇಶಗಳಲ್ಲಿ ಒಂದು ಕಾರಣವಾಗಿ ಕಂಡಿದೆ. ಒಮ್ಮೆ ಬಂದು ಸೇರಿದ ಮೇಲೆ ತಾನಾಗಿ ಹೋಗುವುದು ಕಡಿಮೆ. ಬಹುತೇಕ ಜೀವನಪೂರ್ತಿ ಒಕ್ಕಲು.

ಯೋಚಿಸಿ ನೋಡಿ, ಇದು ಮಾತೃಭಾಷೆ ಬರುವ ಹಾಗೆ ಬರುತ್ತದೆ. ತೊಟ್ಟಿಲಿನ ವಯಸ್ಸಿನಲ್ಲಿ, ಮನೆಯವರ ಬಾಯಿಯಿಂದ, ಕೇಳದೆಯೇ ಸಿಗುತ್ತದೆ. ಭಾಷೆ ಹೇಗೆ ಊರಿನಿಂದ ಊರಿಗೆ, ಮನೆಯಿಂದ ಮನೆಗೆ ಸ್ವಲ್ಪ ಸ್ವಲ್ಪ ಬದಲಾಗುತ್ತದೋ ಈ ಬ್ಯಾಕ್ಟೀರಿಯಾ ಕೂಡ ಹಾಗೆಯೇ.

1997ರಲ್ಲಿ ಇದರ ಪೂರ್ಣ ಜೀನೋಮ್ ಓದಿದಾಗ ಸುಮಾರು 16 ಲಕ್ಷ 68 ಸಾವಿರ ಅಕ್ಷರಗಳೂ 1,590ರಷ್ಟು ವಂಶವಾಹಿಗಳೂ ಕಂಡವು. ಎರಡು ವರ್ಷದ ನಂತರ ಇನ್ನೊಬ್ಬ ರೋಗಿಯಿಂದ ತೆಗೆದ ತಳಿಯನ್ನು ಓದಿ ಹೋಲಿಸಿದರು. ಒಂದರಲ್ಲಿದ್ದ ನೂರಕ್ಕೆ ಆರೇಳು ವಂಶವಾಹಿಗಳು ಇನ್ನೊಂದರಲ್ಲಿ ಇರಲೇ ಇಲ್ಲ! ಸಂಬಂಧವಿಲ್ಲದ ಇಬ್ಬರು ಮನುಷ್ಯರನ್ನು ತೆಗೆದುಕೊಂಡರೆ ಅವರಿಬ್ಬರ ಹೊಟ್ಟೆಯ ಪೈಲೊರಿ ಒಂದೇ ಆಗಿರುವುದು ಇಲ್ಲವೆಂದೇ ಹೇಳಬಹುದು. ತಾಯಿ ಮಕ್ಕಳಲ್ಲಿ ಮಾತ್ರ ಅನೇಕ ಸಲ ಒಂದೇ ತಳಿ ಸಿಗುತ್ತದೆ. ಇಷ್ಟೊಂದು ವೈವಿಧ್ಯ ಏಕೆ? ನಕಲು ಮಾಡುವಾಗ ಆಗುವ ತಪ್ಪುಗಳನ್ನು ತಿದ್ದುವ ಕೆಲವು ವಂಶವಾಹಿಗಳು ಇದರಲ್ಲಿ ಇಲ್ಲ, ಆದ್ದರಿಂದ ತಪ್ಪುಗಳು ಉಳಿದುಕೊಳ್ಳುತ್ತವೆ. ಅದಲ್ಲದೆ ಒಂದೇ ಹೊಟ್ಟೆಯಲ್ಲಿ ಎರಡು ತಳಿಗಳು ಸೇರಿದರೆ ಒಂದರ ಡಿಎನ್‌ಎ ತುಣುಕನ್ನು ಇನ್ನೊಂದು ಸಲೀಸಾಗಿ ಎತ್ತಿಕೊಳ್ಳುತ್ತದೆ. ನೆರೆಮನೆಯವರು ಒಬ್ಬರ ಮಾತಿನ ಪದವನ್ನು ಇನ್ನೊಬ್ಬರು ಎರವಲು ಪಡೆದಂತೆ.

ಈ ವ್ಯತ್ಯಾಸಗಳಲ್ಲಿ ಎರಡನ್ನು ವಿಜ್ಞಾನಿಗಳು ವಿಶೇಷವಾಗಿ ಗುರುತಿಸಿದರು. ಒಂದು, 'ಕ್ಯಾಗ್' ಎಂಬ ಸುಮಾರು 40 ಸಾವಿರ ಅಕ್ಷರಗಳ ಡಿಎನ್‌ಎ ತುಂಡು. ಬೇರೆಲ್ಲಿಂದಲೋ ಬಂದು ಸೇರಿಕೊಂಡ ದ್ವೀಪದಂತಿರುವ ಇದರಲ್ಲಿ ಮೂವತ್ತರ ಆಸುಪಾಸಿನಷ್ಟು ವಂಶವಾಹಿಗಳಿವೆ. ಇವು ಸೇರಿ ಒಂದು ಬಗೆಯ ಸಿರಿಂಜನ್ನು ಕಟ್ಟುತ್ತವೆ. ಬ್ಯಾಕ್ಟೀರಿಯಾ ಆ ಸಿರಿಂಜಿನಿಂದ ಕ್ಯಾಗ್-ಎ ಎಂಬ ಪ್ರೋಟೀನನ್ನು ನಮ್ಮ ಜಠರದ ಜೀವಕೋಶದೊಳಕ್ಕೆ ಚುಚ್ಚುತ್ತದೆ, ಒಳಗೆ ಹೋದ ಪ್ರೋಟೀನು ಜೀವಕೋಶದ ಬೆಳವಣಿಗೆಯ ಸೂಚನೆಗಳನ್ನೇ ಕೆಡಿಸುತ್ತದೆ. ಇನ್ನೊಂದು, ವ್ಯಾಕ್-ಎ ಎಂಬ ವಿಷ. ಇದು ಜೀವಕೋಶದಲ್ಲಿ ಗುಳ್ಳೆಗಳನ್ನು ಎಬ್ಬಿಸುತ್ತದೆ. ಇದರ ವಂಶವಾಹಿ ಎಲ್ಲ ತಳಿಗಳಲ್ಲೂ ಇದೆ, ಆದರೆ 1995ರಲ್ಲಿ ತಿಳಿದುಬಂದಂತೆ ಅದರಲ್ಲಿ ಬಲವಾದ ನಮೂನೆ, ದುರ್ಬಲವಾದ ನಮೂನೆ ಎಂಬ ಭೇದಗಳಿವೆ. ಯುರೋಪ್ ಮತ್ತು ಅಮೆರಿಕದಲ್ಲಿ ಕ್ಯಾಗ್ ಇರುವ ತಳಿ ಹೊತ್ತವರಲ್ಲಿ ಹುಣ್ಣು ಹೆಚ್ಚು ಎಂದು ಕಂಡುಬಂತು. ಜಪಾನ್, ಕೊರಿಯಾ, ಚೀನಾಗಳ ತಳಿಗಳಲ್ಲಿ ಕ್ಯಾಗ್-ಎ ಇನ್ನೂ ತೀಕ್ಷ್ಣವಾದ ಬಗೆಯದು, ಅಲ್ಲಿ ಜಠರದ ಕ್ಯಾನ್ಸರ್ ಕೂಡ ಹೆಚ್ಚು. ಆದ್ದರಿಂದಲೇ ಜಪಾನಿನ ಸಾಗಾ ಪ್ರಾಂತ್ಯದಲ್ಲಿ 2016ರಿಂದ ಮಾಧ್ಯಮಿಕ ಶಾಲೆಯ ಕೊನೆಯ ವರ್ಷದ ಮಕ್ಕಳನ್ನು ಪರೀಕ್ಷಿಸಿ ಚಿಕಿತ್ಸೆ ಕೊಡುವ ಯೋಜನೆ ಆರಂಭವಾಯಿತು.

ಹಾಗಾದರೆ ಕ್ಯಾಗ್ ಇದೆಯೋ ಇಲ್ಲವೋ ನೋಡಿದರೆ ಆಯಿತಲ್ಲ ಎನ್ನುವಿರಾ? ನಾನೂ ಹಾಗೆಯೇ ಎಣಿಸಿದ್ದೆ. ಕೋಲ್ಕತ್ತಾದ ವಿಜ್ಞಾನಿಗಳು 2000ದ ಸುಮಾರಿಗೆ ಹುಣ್ಣಿನ ರೋಗಿಗಳ ತಳಿಗಳನ್ನೂ ಯಾವ ತೊಂದರೆಯೂ ಇಲ್ಲದವರ ತಳಿಗಳನ್ನೂ ಹೋಲಿಸಿ ನೋಡಿದರು. ಎರಡೂ ಗುಂಪಿನ ಬಹುಪಾಲು ಜನರಲ್ಲಿ ಕ್ಯಾಗ್ ಇತ್ತು, ವ್ಯಾಕ್-ಎಯ ಬಲವಾದ ನಮೂನೆಯೂ ಇತ್ತು! ಪಾಶ್ಚಾತ್ಯರ ಪುಸ್ತಕದಲ್ಲಿ ದುಷ್ಟ ಎಂದು ಹೆಸರಾದ ತಳಿ ನಮ್ಮಲ್ಲಿ ಎಲ್ಲರ ಮನೆಯದೂ ಆಗಿದ್ದರೆ, ಯಾರಿಗೆ ಅಪಾಯ ಎಂದು ಅದೊಂದರಿಂದಲೇ ಹೇಳುವುದು ಹೇಗೆ? ಸೋಂಕು ಇಷ್ಟು ವ್ಯಾಪಕವಾಗಿದ್ದರೂ ಭಾರತದಲ್ಲಿ ಜಠರದ ಕ್ಯಾನ್ಸರ್ ಒಟ್ಟಾರೆ ಕಡಿಮೆ. ಮಿಜೋರಾಂನಂಥ ಕೆಲವು ಕಡೆ ಮಾತ್ರ ಹೆಚ್ಚು. ಅಲ್ಲಿ ಹೊಗೆಯಾಡಿಸಿದ ಮಾಂಸ, ಉಪ್ಪು, ತಂಬಾಕಿನ ಬಳಕೆಯ ಕಡೆಗೂ ಸಂಶೋಧಕರು ಬೊಟ್ಟು ಮಾಡಿದ್ದಾರೆ. ಮೈಸೂರಿನ ಆ ಸರ್ಜನ್ನರ ಹಳೆಯ ಪ್ರಶ್ನೆ ಈಗ ನೆನಪಾಯಿತೇ?

ವಂಶವಾಹಿಗಳ ಈ ವೈವಿಧ್ಯ ರೋಗದ ಬಗ್ಗೆ ಇಷ್ಟು ಗೊಂದಲ ಮಾಡಿದರೂ ಚರಿತ್ರೆಯ ಬಗ್ಗೆ ಸ್ಪಷ್ಟವಾಗಿ ಮಾತಾಡುತ್ತದೆ. ತಾಯಿಯಿಂದ ಮಗುವಿಗೆ, ಮಗುವಿನಿಂದ ಮೊಮ್ಮಗುವಿಗೆ ಮನೆಯೊಳಗೇ ದಾಟುತ್ತಾ ಬಂದುದರಿಂದ, ಜನ ಹೋದಲ್ಲೆಲ್ಲ ಅದೂ ಹೋಯಿತು. 2003ರಲ್ಲಿ ಜಗತ್ತಿನ ಅನೇಕ ಜನಾಂಗಗಳ ತಳಿಗಳನ್ನು ಜೋಡಿಸಿ ನೋಡಿದಾಗ ಮನುಷ್ಯರ ಹಳೆಯ ವಲಸೆಗಳ ಹೆಜ್ಜೆಗುರುತು ಅವುಗಳಲ್ಲಿ ಕಂಡಿತು. 2007ರ ಇನ್ನೊಂದು ಅಧ್ಯಯನವು, ಸುಮಾರು 58 ಸಾವಿರ ವರ್ಷಗಳ ಹಿಂದೆ ಮನುಷ್ಯರು ಪೂರ್ವ ಆಫ್ರಿಕಾದಿಂದ ಹೊರಟಾಗಲೇ ಇದು ಅವರ ಹೊಟ್ಟೆಯಲ್ಲಿತ್ತು ಎಂದು ತೋರಿಸಿತು. ಆಫ್ರಿಕಾದಿಂದ ದೂರ ಹೋದಂತೆಲ್ಲ ಮನುಷ್ಯರ ವಂಶವಾಹಿ ವೈವಿಧ್ಯ ಹೇಗೆ ಕಡಿಮೆಯಾಗುತ್ತದೋ ಬ್ಯಾಕ್ಟೀರಿಯಾದ್ದೂ ಹಾಗೆಯೇ ಕಡಿಮೆಯಾಗುತ್ತದೆ.

ನಮ್ಮ ದೇಶದ ಒಂದು ಉದಾಹರಣೆ ನನಗೆ ಬಹಳ ಹಿಡಿಸಿತು. ಲಡಾಖಿನಲ್ಲಿ ಬೌದ್ಧರೂ ಮುಸಲ್ಮಾನರೂ ಶತಮಾನಗಳಿಂದ ಅಕ್ಕಪಕ್ಕ ಬದುಕಿದ್ದಾರೆ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಸಮುದಾಯಗಳವರ ಡಿಎನ್‌ಎಯನ್ನೂ ಅವರ ಹೊಟ್ಟೆಯ ಪೈಲೊರಿಯ ಡಿಎನ್‌ಎಯನ್ನೂ ಓದಿದರು. ಮನುಷ್ಯರ ಡಿಎನ್‌ಎಯಲ್ಲಿ ವ್ಯತ್ಯಾಸ ಕಂಡೂ ಕಾಣದಷ್ಟು, ಆದರೆ ಬ್ಯಾಕ್ಟೀರಿಯಾದಲ್ಲಿ ಸ್ಪಷ್ಟ. ಬೌದ್ಧರ ತಳಿಗಳಲ್ಲಿ ಟಿಬೆಟ್ ಕಡೆಯಿಂದ ಬಂದವರ ಬೆರಕೆ ಕಂಡಿತು. ಮುಸಲ್ಮಾನರ ತಳಿಗಳಲ್ಲಿ ಆ ನೆಲದ ಪ್ರಾಚೀನ ಲಡಾಖಿ ಅಂಶವೇ ಹೆಚ್ಚಾಗಿತ್ತು, ಪಶ್ಚಿಮದ ದೇಶಗಳ ಗುರುತು ಇದ್ದದ್ದು ಕೆಲವೇ ತಳಿಗಳಲ್ಲಿ. ಯಾರು ಹೊರಗಿನವರು, ಯಾರು ಮೂಲದವರು ಎಂದು ಬೀದಿಯಲ್ಲಿ ನಿಂತು ವಾದಿಸುವವರು ಇದನ್ನು ಒಮ್ಮೆ ಓದಬೇಕು ಅನಿಸಿತು. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಯಾರ ಪಕ್ಷವನ್ನೂ ವಹಿಸುವುದಿಲ್ಲ.

ಮುಂದೆ 2007ರಲ್ಲಿ ಹೈದರಾಬಾದಿನ ಡಿಎನ್‌ಎ ಫಿಂಗರ್‌ಪ್ರಿಂಟಿಂಗ್ ಕೇಂದ್ರದಲ್ಲಿದ್ದ ನಿಯಾಝ್ ಅಹ್ಮದ್ ಮತ್ತು ಸಂಗಡಿಗರು ಭಾರತದ ತಳಿಗಳನ್ನು ಓದಿ, ಅವುಗಳ ಬೇರು ಯುರೋಪಿನ ತಳಿಗಳೊಡನೆ ಸೇರುತ್ತದೆ ಎಂದರು. ಅಂದರೆ ಈ ನೆಲಕ್ಕೆ ಪಶ್ಚಿಮದ ಕಡೆಯಿಂದ ಬಂದ ಪ್ರಾಚೀನ ವಲಸೆಗಾರರ ಗುರುತು ಅದರಲ್ಲಿದೆ. ಅತಿ ವಿಚಿತ್ರವಾದದ್ದು 2016ರ ಸುದ್ದಿ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕಿದ, ಸುಮಾರು 5,300 ವರ್ಷ ಹಳೆಯ 'ಹಿಮಮಾನವ'ನ ಜಠರದಿಂದ ವಿಜ್ಞಾನಿಗಳು ಪೈಲೊರಿಯ ಜೀನೋಮನ್ನು ಹೊರತೆಗೆದರು. ಅದು ಈಗಿನ ಯುರೋಪಿನವರ ತಳಿಯಂತಿರಲಿಲ್ಲ. ಅದಕ್ಕೆ ಹತ್ತಿರದ ನಂಟರು ಇಂದಿನ ಉತ್ತರ ಭಾರತದ ಜನರ ಹೊಟ್ಟೆಯಲ್ಲಿದ್ದರು! ಯುರೋಪಿನ ತಳಿಗಳಿಗೆ ಆಫ್ರಿಕಾದ ಬೆರಕೆ ಸೇರಿದ್ದು ಅವನ ಕಾಲದ ನಂತರ.

ಈಗ ಈ ಎರಡು ದಾರಿಗಳು, ಅಂದರೆ ರೋಗದ್ದು ಮತ್ತು ಚರಿತ್ರೆಯದ್ದು, ಒಂದೆಡೆ ಕೂಡುವ ಜಾಗಕ್ಕೆ ಬರೋಣ. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಸುಮಾರು 200 ಕಿಲೋಮೀಟರ್ ಅಂತರದಲ್ಲಿ ಎರಡು ಊರುಗಳಿವೆ. ಕರಾವಳಿಯಲ್ಲಿ ಟುಮಾಕೊ, ಬೆಟ್ಟದ ಮೇಲೆ ಟುಕೆರ್ರೆಸ್. ಎರಡೂ ಕಡೆ ಬಹುತೇಕ ಎಲ್ಲರಿಗೂ ಸೋಂಕು. ಆದರೆ ಜಠರದ ಕ್ಯಾನ್ಸರ್ ಮಾತ್ರ ಬೆಟ್ಟದವರಲ್ಲಿ ಲಕ್ಷಕ್ಕೆ ಸುಮಾರು 150, ಕರಾವಳಿಯವರಲ್ಲಿ 6ರಷ್ಟು. 2014ರಲ್ಲಿ ಇದರ ಒಂದು ಕಾರಣ ಗೊತ್ತಾಯಿತು. ಕರಾವಳಿಯ ಜನರು ಹೆಚ್ಚಾಗಿ ಆಫ್ರಿಕಾ ಮೂಲದವರು, ಅವರ ಬ್ಯಾಕ್ಟೀರಿಯಾದಲ್ಲೂ ಆಫ್ರಿಕಾದ ಅಂಶವೇ ಹೆಚ್ಚು. ಇಬ್ಬರೂ ಸಾವಿರಾರು ವರ್ಷ ಕೂಡಿ ಬಾಳಿ ಹೊಂದಿಕೊಂಡವರು. ಬೆಟ್ಟದ ಜನರು ಹೆಚ್ಚಾಗಿ ಅಮೆರಿಕದ ಮೂಲನಿವಾಸಿಗಳ ವಂಶದವರು. ಅವರ ಪೂರ್ವಜರ ಹಳೆಯ ತಳಿಯ ಜಾಗದಲ್ಲಿ ಸ್ಪೇನಿನವರೂ ಗುಲಾಮರಾಗಿ ಬಂದವರೂ ತಂದ ತಳಿಗಳು ಸೇರಿಕೊಂಡವು. ಮನುಷ್ಯನ ಮೂಲ ಒಂದು, ಬ್ಯಾಕ್ಟೀರಿಯಾದ ಮೂಲ ಇನ್ನೊಂದು ಆದಲ್ಲಿ ಗಾಯ ಆಳವಾಗಿತ್ತು. ಆ ತೀವ್ರತೆಯನ್ನು ವಿವರಿಸುವಲ್ಲಿ ಕ್ಯಾಗ್ ಇದೆಯೋ ಇಲ್ಲವೋ ಎಂಬುದಕ್ಕಿಂತ ಈ ಹೊಂದಾಣಿಕೆಯೇ ಮುಖ್ಯವಾಗಿ ಕಂಡಿತು. ವಿಷತನ ಎಂಬುದು ರೋಗಾಣುವಿನ ಒಳಗೆ ಮಾತ್ರ ಇರುವ ಗುಣವಲ್ಲ, ಅದು ಯಾರ ಮನೆಯಲ್ಲಿ ಒಕ್ಕಲಿದೆ ಎಂಬುದರ ಮೇಲೂ ನಿಂತಿದೆ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ನಿಜ. ದೊಡ್ಡವರಷ್ಟೇ ಸೋಂಕು ಇದ್ದರೂ ಮಕ್ಕಳ ಜಠರದಲ್ಲಿ ಉರಿಯೂತ ಕಡಿಮೆ, ಹುಣ್ಣು ಅಪರೂಪ. 2008ರಲ್ಲಿ ಚಿಲಿ ದೇಶದ ಮಕ್ಕಳನ್ನು ಪರೀಕ್ಷಿಸಿದವರು ಇದರ ಗುಟ್ಟನ್ನು ಸ್ವಲ್ಪ ಬಿಡಿಸಿದರು. ಮಕ್ಕಳ ದೇಹದಲ್ಲಿ ರೋಗನಿರೋಧಕ ಸೈನ್ಯವನ್ನು 'ಸಾಕು, ತಾಳು' ಎಂದು ತಡೆಹಿಡಿಯುವ ಜೀವಕೋಶಗಳು ಹೆಚ್ಚು ಚುರುಕಾಗಿದ್ದವು. ಬಾಲ್ಯದಲ್ಲಿ ಇದು ಹೊಟ್ಟೆಯಲ್ಲಿದ್ದರೆ ಆಸ್ತಮಾ ಕಡಿಮೆ ಎಂಬ ವಾದವನ್ನೂ ಅಮೆರಿಕದ ಮಾರ್ಟಿನ್ ಬ್ಲೇಸರ್ ಮುಂತಾದವರು ಮಂಡಿಸಿದ್ದಾರೆ. ಅದನ್ನು ಎಲ್ಲರೂ ಒಪ್ಪಿಲ್ಲ, ನಾನೂ ಅದನ್ನು ನಂಬಿ ಕೂರುವಷ್ಟು ಧೈರ್ಯ ಮಾಡಲಾರೆ.

ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗ ತಜ್ಞರ ಸಂಘಗಳು 2016ರಲ್ಲಿ ಸಿದ್ಧಪಡಿಸಿದ ಮಾರ್ಗಸೂಚಿಯನ್ನು ಓದಿದಾಗ ನನ್ನ ಕಣ್ಣು ತೆರೆಯಿತು. ಬೇರೆ ಅಪಾಯದ ಲಕ್ಷಣವಿಲ್ಲದ, ಆಗಾಗ ಬಂದು ಹೋಗುವ ಹೊಟ್ಟೆನೋವಿಗೆ ಮಕ್ಕಳಲ್ಲಿ ಪೈಲೊರಿ ಪರೀಕ್ಷೆ ಮಾಡಬಾರದು. ರಕ್ತದಲ್ಲಿನ ಪ್ರತಿಕಾಯದ ಪರೀಕ್ಷೆಯಿಂದ ರೋಗ ನಿರ್ಧರಿಸಬಾರದು. ವೈದ್ಯರು ಹುಡುಕಬೇಕಾದದ್ದು ನೋವಿನ ಕಾರಣವನ್ನು, ಬ್ಯಾಕ್ಟೀರಿಯಾ ಇದೆಯೇ ಎಂಬುದನ್ನಷ್ಟೇ ಅಲ್ಲ. ಹುಣ್ಣು ಇದ್ದರೆ ಮಾತು ಬೇರೆ, ಆಗ ಚಿಕಿತ್ಸೆ ಬೇಕೇ ಬೇಕು. ಕಬ್ಬಿಣದ ಮಾತ್ರೆ ಕೊಟ್ಟರೂ ವಾಸಿಯಾಗದ ರಕ್ತಹೀನತೆಯಲ್ಲೂ ಎಂಡೋಸ್ಕೋಪಿ ಮಾಡುವಾಗ ಇದನ್ನು ನೋಡಬಹುದು. ಚಿಕಿತ್ಸೆ ಕೊಡುವುದಾದರೆ ಸಾಧ್ಯವಾದಷ್ಟೂ ಯಾವ ಔಷಧಿಗೆ ಆ ತಳಿ ಬಗ್ಗುತ್ತದೆ ಎಂದು ತಿಳಿದು, ಹದಿನಾಲ್ಕು ದಿನ ಬಿಡದೆ ಕೊಡಬೇಕು. ಏಕೆಂದರೆ ಅರ್ಧಕ್ಕೆ ಬಿಟ್ಟ ಆ್ಯಂಟಿಬಯಾಟಿಕ್ ಉಳಿದ ಬ್ಯಾಕ್ಟೀರಿಯಾಗಳಿಗೆ ಕಸರತ್ತು ಕಲಿಸಿದಂತೆ. ತಪ್ಪುಗಳನ್ನು ತಿದ್ದದ, ತುಣುಕುಗಳನ್ನು ಎರವಲು ಪಡೆಯುವ ಇದರ ಸ್ವಭಾವವನ್ನು ಮೇಲೆ ಓದಿದಿರಲ್ಲ? ಔಷಧಿಯನ್ನು ತಡೆಯುವ ವಿದ್ಯೆಯನ್ನೂ ಇದು ಹಾಗೆಯೇ ಕಲಿಯುತ್ತದೆ. ಭಾರತದಲ್ಲಿ ಮೆಟ್ರೊನಿಡಜೋಲ್‌ಗೆ ಬಗ್ಗದ ತಳಿಗಳೇ ಹೆಚ್ಚು. ಕ್ಲಾರಿತ್ರೊಮೈಸಿನ್‌ಗೆ ಬಗ್ಗದ ಪೈಲೊರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊಸ ಔಷಧಿ ತುರ್ತಾಗಿ ಬೇಕಾದ ರೋಗಾಣುಗಳ ಪಟ್ಟಿಯಲ್ಲಿ ಸೇರಿಸಿತ್ತು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ವೈದ್ಯರಾಗುವವರೂ ಲ್ಯಾಬ್ ಟೆಕ್ನಿಷಿಯನ್ ಆಗುವವರೂ ಇದ್ದೀರಿ. 'ಪಾಸಿಟಿವ್' ಎಂಬ ಒಂದು ಪದ ಮುದ್ರಿಸಿ ತಾಯಿಯ ಕೈಗೆ ಕೊಡುವಾಗ ಅವಳು ಅದನ್ನು ಹೇಗೆ ಓದುತ್ತಾಳೆ ಎಂದು ಒಂದು ಕ್ಷಣ ನೆನೆಯಿರಿ. ನಮ್ಮ ಊರಿನ ಹತ್ತು ದೊಡ್ಡವರನ್ನು ಕರೆತಂದು ಅದೇ ಪರೀಕ್ಷೆ ಮಾಡಿದರೆ ಹೆಚ್ಚಿನವರ ಕಾಗದದಲ್ಲೂ ಅದೇ ಪದ ಬರುವ ಸಂಭವವಿದೆ.

ನಮ್ಮ ಹುಡುಗನ ವಿಷಯ ಹೇಳಬೇಕಲ್ಲ. ಅವನನ್ನು ಮಕ್ಕಳ ವೈದ್ಯೆಯೊಬ್ಬರ ಬಳಿ ಕರೆದುಕೊಂಡು ಹೋದೆವು. ಅವರು ಆ ಕಾಗದವನ್ನು ನೋಡಿ ಪಕ್ಕಕ್ಕಿಟ್ಟರು. ತೂಕ ನೋಡಿದರು, ಎತ್ತರ ನೋಡಿದರು, ಕಣ್ಣಿನ ರೆಪ್ಪೆ ಸರಿಸಿ ನೋಡಿದರು. ರಾತ್ರಿ ನೋವಿನಿಂದ ಎಚ್ಚರವಾಗುತ್ತದೆಯೇ, ವಾಂತಿಯಲ್ಲಿ ರಕ್ತ ಇತ್ತೇ, ಮನೆಯಲ್ಲಿ ಯಾರಿಗಾದರೂ ಹುಣ್ಣೋ ಜಠರದ ಕ್ಯಾನ್ಸರೋ ಆಗಿದೆಯೇ ಎಂದು ತಾಯಿಯನ್ನು ಕೇಳಿದರು. ಎಲ್ಲಕ್ಕೂ ಇಲ್ಲ. ಮತ್ತೆ ಹುಡುಗನ ಕಡೆ ತಿರುಗಿ, ಎಷ್ಟು ದಿನಕ್ಕೊಮ್ಮೆ ಕಕ್ಕಸಿಗೆ ಹೋಗುತ್ತೀ ಮಗಾ ಎಂದರು. ಅವನು ನಾಚಿಕೊಂಡು ತಲೆ ತಗ್ಗಿಸಿದ. ಮೂರು ದಿನ, ಕೆಲವು ಸಲ ನಾಲ್ಕು. ಏಕೆ ಎಂದರೆ, ಬೆಳಗ್ಗೆ ಮನೆಯಲ್ಲಿ ಹೊತ್ತಾಗುತ್ತದೆ, ಬೇಗ ವ್ಯಾನ್ ಬರುತ್ತದೆ, ಶಾಲೆಯ ಶೌಚಾಲಯದಲ್ಲಿ ಚಿಲಕ ಇಲ್ಲ, ನೀರೂ ಬರುವುದಿಲ್ಲ.

ಮಲಬದ್ಧತೆಗೆ ಔಷಧಿ ಬರೆದು, ಹಣ್ಣು ತರಕಾರಿ ನೀರು ಹೇಳಿ, ತಿಂಗಳು ಬಿಟ್ಟು ಬನ್ನಿ ಎಂದು ಕಳುಹಿಸಿದರು. ತಿಂಗಳೊಳಗೆ ನೋವು ನಿಂತಿತು. ಹೊಟ್ಟೆಯೊಳಗಿನ ಹಳೆಯ ಒಕ್ಕಲು ಬಹುಶಃ ಅಲ್ಲೇ ಇದೆ. ಚಿಲಕದ ವಿಷಯವನ್ನು ಶಾಲೆಯ ಪೋಷಕರ ಸಭೆಯಲ್ಲಿ ಅವನ ತಾಯಿಯೇ ಎದ್ದು ನಿಂತು ಕೇಳಿದಳು. ಚಿಲಕ ಹಾಕಿಸಿದ್ದಾರೆ. ನೀರು ಇನ್ನೂ ಬಂದಿಲ್ಲ.